ಜೇಬಿನ ಮೇಲಿನ ಹೆಸರು

ಫೆಬ್ರವರಿ ೯

ಗುಬ್ಬಿ,

ಹನ್ನೊಂದು ವರ್ಷದ ಮೇಲೆ ಈ ಹೆಸರಿನಿಂದ ಕರೆದರೆ ನಿನಗೆ ಸಿಟ್ಟು ಬರುತ್ತದೋ ಏನೋ. ನನಗೆ ಬೇರೆ ಹೆಸರಿನಿಂದ ಕರೆದು ಅಭ್ಯಾಸವಿಲ್ಲ. ನನ್ನವಳು ನಿನ್ನನ್ನು ಮೊದಲ ಸಲ ಮನೆಗೆ ಕರೆದುಕೊಂಡು ಬಂದಾಗ, "ನಮ್ಮ ಶಾಲೆಗೆ ಹೊಸದಾಗಿ ಬಂದಿದ್ದಾಳೆ, ಗುಬ್ಬಿಯಷ್ಟು ತಿಂತಾಳೆ, ಗುಬ್ಬಿಯಷ್ಟೇ ಮಾತಾಡ್ತಾಳೆ" ಎಂದಿದ್ದಳು. ಗುಬ್ಬಿಗಳು ಬೆಳಗಿನಿಂದ ಸಂಜೆವರೆಗೂ ಬಾಯಿ ಮುಚ್ಚುವುದಿಲ್ಲವಲ್ಲ ಎಂದು ನಾನು ಹೇಳಿದ್ದಕ್ಕೆ ನೀವಿಬ್ಬರೂ ಬಾಗಿಲು ಹಿಡಿದುಕೊಂಡು ನಕ್ಕಿದ್ದು ನೆನಪಿದೆ.

ನಿನ್ನ ವಿಳಾಸ ಕೊಟ್ಟವರು ಈಗಿನ ಹೆಡ್‌ಮೇಡಂ. ನೀನು ಕೆಲಸ ಬಿಟ್ಟಾಗ ಪ್ರಮಾಣಪತ್ರಗಳನ್ನು ಕಳಿಸಿದ್ದ ವಿಳಾಸ ಹಳೆಯ ಫೈಲಿನಲ್ಲಿತ್ತಂತೆ. ನೀನು ಅಲ್ಲಿಲ್ಲದಿದ್ದರೆ ಕಾಗದ ವಾಪಸ್ಸು ಬರುತ್ತದೆ, ಅಷ್ಟೇ ತಾನೆ.

ವಿಷಯಕ್ಕೆ ಬರುತ್ತೇನೆ. ಶಾಲೆಯ ಹೆಸರು ಬದಲಾಯಿಸಬೇಕೆಂದು ಇಲ್ಲಿ ಗಲಾಟೆ ಎದ್ದಿದೆ. ಶಾಲೆಗೆ ಇರುವುದು ಗಿರಣಿ ಸಾಹುಕಾರರ ಹೆಸರು. ಜಾಗ ಕೊಟ್ಟವರು ಅವರೇ, ನಿಜ. ಆದರೆ ಅವರ ಗಿರಣಿಯ ಹತ್ತಿಯ ಧೂಳು ಅರ್ಧ ಬೀದಿಯ ಎದೆಯೊಳಗೆ ಕೂತಿದೆ, ಅಂಥ ಮನುಷ್ಯನ ಹೆಸರನ್ನು ಮಕ್ಕಳು ಜೇಬಿನ ಮೇಲೆ ಹೊತ್ತು ತಿರುಗಬೇಕಾ ಎಂದು ಒಂದು ಗುಂಪು ಕೇಳುತ್ತಿದೆ. ಅದರ ಮುಂದಾಳು ನಮ್ಮ ಔಷಧಿ ಅಂಗಡಿಯವನು. ಎದುರಿಗೆ ನಿಂತಿರುವವರು ಗಿರಣಿಯ ಹಳೆಯ ಫೋರ್‌ಮನ್. ಅವರ ಎದೆಯಲ್ಲೂ ಅದೇ ಧೂಳು, ನಾಲ್ಕು ಮಾತಿಗೊಂದು ಸಲ ಕೆಮ್ಮುತ್ತಾರೆ. ಆದರೂ, "ಆ ಹೆಸರಿನ ಕೆಳಗೆ ಕೂತು ನಾನು ಅಕ್ಷರ ಕಲಿತೆ, ಅದನ್ನು ಅಳಿಸೋಕೆ ಬಿಡಲ್ಲ" ಎನ್ನುತ್ತಾರೆ.

ಕಳೆದ ವಾರ ಶಾಲೆಯ ಹಾಲಿನಲ್ಲಿ ಸಭೆ ಇತ್ತು. ಹಳೆ ಹೆಸರು ತೆಗೆದರೆ ಹೊಸದಾಗಿ ಯಾರದು ಇಡುವುದು ಎಂಬ ಮಾತು ಬಂದಾಗ ಯಾರೋ ಹಿಂದಿನಿಂದ ನನ್ನವಳ ಹೆಸರು ಹೇಳಿದರು. ಹಾಲಿಗೆ ಹಾಲೇ ಚಪ್ಪಾಳೆ ಹೊಡೆಯಿತು. ನಾನು ಅಂಗಡಿಯಿಂದ ನೇರ ಹೋಗಿದ್ದೆ, ಅಳತೆ ಪಟ್ಟಿ ಇನ್ನೂ ಕೊರಳಲ್ಲೇ ಇತ್ತು. ಎಲ್ಲರೂ ತಿರುಗಿ ನನ್ನ ಕಡೆ ನೋಡಿದರು. ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಪಟ್ಟಿಯ ಮೇಲಿನ ಅಂಕಿಗಳನ್ನು ಓದುತ್ತಾ ಕೂತೆ.

ಅತ್ತೆ ಈಗಲೂ ನನ್ನ ಜೊತೆಯಲ್ಲೇ ಇದ್ದಾರೆ. ಕಿವಿ ಪೂರ್ತಿ ಹೋಗಿದೆ. ಮಗಳು ಹೋದ ಮೇಲೆ ಅಳಿಯನ ಮನೆಯಲ್ಲಿ ಯಾಕಿರಬೇಕು ಎಂದು ಅವರನ್ನು ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ. ಸುದ್ದಿ ಗೊತ್ತಾದ ಕೂಡಲೇ ಅಂಗಡಿಗೆ ಬಂದು ಮಿಷನ್ನಿನ ಪಕ್ಕ ನಿಂತು, ಹೆಸರನ್ನು ಗೋಡೆಯ ಮೇಲೆ ಬರೀತಾರೋ ಗೇಟಿನ ಮೇಲೋ ಎಂದು ಕೇಳಿದರು. ಗೇಟಿನ ಮೇಲೆ ಎಂದು ಸನ್ನೆ ಮಾಡಿದೆ. ಹಾಗಾದರೆ ಬಸ್ಸಿನಿಂದ ಕಾಣುತ್ತದೆ ಎಂದರು. ಅಂದಿನಿಂದ ಅವರ ನಡಿಗೆಯೇ ಬೇರೆಯಾಗಿದೆ.

ಪುರಸಭೆಯವರು ಒಂದು ಕಾಗದ ಕೇಳಿದ್ದಾರೆ. ಬೆಂಕಿ ಬಿದ್ದು ಅವಳು ಹೋದ ದಿನ ಶಾಲೆಯಲ್ಲಿದ್ದ ದೊಡ್ಡವರೊಬ್ಬರು ನಡೆದದ್ದನ್ನು ಬರೆದು ಸಹಿ ಹಾಕಬೇಕಂತೆ. ಆಗಿನ ಹೆಡ್‌ಮಾಸ್ಟರು ತೀರಿಕೊಂಡರು, ಬೇರೆ ಮೇಷ್ಟ್ರುಗಳು ಎಲ್ಲಿದ್ದಾರೋ ಗೊತ್ತಿಲ್ಲ. ಉಳಿದವಳು ನೀನೊಬ್ಬಳೇ. ಅವಳು ಎಷ್ಟು ಮಕ್ಕಳನ್ನು ಹೊರಗೆ ತಂದಳು ಎನ್ನುವುದು ಸರಿಯಾಗಿ ಯಾರಿಗೂ ಗೊತ್ತಿಲ್ಲ. ಮೊದಲನೇ ವರ್ಷ ನಾಲ್ಕು ಎನ್ನುತ್ತಿದ್ದರು. ಆಮೇಲೆ ಒಂಬತ್ತಾಯಿತು. ಈಗ ಔಷಧಿ ಅಂಗಡಿಯವನು ಅಚ್ಚು ಹಾಕಿಸಿದ ಕರಪತ್ರದಲ್ಲಿ ಹತ್ತೊಂಬತ್ತು ಎಂದಿದೆ. ಸತ್ತ ಮೇಲೂ ಅವಳು ವರ್ಷಕ್ಕಿಷ್ಟು ಮಕ್ಕಳನ್ನು ಹೊರಗೆ ತರುತ್ತಲೇ ಇದ್ದಾಳೆ.

ನೀನು ಕಂಡದ್ದನ್ನು ಒಂದು ಪುಟ ಬರೆದು ಕಳಿಸು.

ನಿನ್ನ ಭಾವ


ಫೆಬ್ರವರಿ ೨೭

ಮಾನ್ಯ ಭಾವನವರಿಗೆ,

ನಿಮ್ಮ ಪತ್ರ ತಲುಪಿತು. ನಾನು ಅದೇ ಕೋಣೆಯಲ್ಲೇ ಇದ್ದೇನೆ.

ನೀವು ಕೇಳಿದ್ದನ್ನು ಬರೆಯಲು ನನ್ನಿಂದಾಗದು. ತುಂಬಾ ಹೊಗೆ ಇತ್ತು. ನಾನು ಮಕ್ಕಳ ಜೊತೆ ಅಂಗಳದಲ್ಲಿದ್ದೆ. ಬಹಳ ವರ್ಷವಾಯಿತು, ಸರಿಯಾಗಿ ಏನೂ ನೆನಪಿಲ್ಲ. ದಯವಿಟ್ಟು ಯಾವ ಕಾಗದದಲ್ಲೂ ನನ್ನ ಹೆಸರು ಬರದ ಹಾಗೆ ನೋಡಿಕೊಳ್ಳಿ.

ನಾನು ಈಗ ಪಾಠ ಮಾಡುವುದಿಲ್ಲ. ಇಲ್ಲಿನ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದೇನೆ. ವಾರ್ಡುಗಳಿಂದ ಬರುವ ಹಾಸಿಗೆ ಬಟ್ಟೆ ಎಣಿಸಿ ಒಳಗೆ ಕೊಡುವುದು, ಒಗೆದು ಬಂದದ್ದನ್ನು ಎಣಿಸಿ ಹೊರಗೆ ಕೊಡುವುದು. ಬೆಳಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ. ಆರೋಗ್ಯವಾಗಿದ್ದೇನೆ.

ಅತ್ತೆಯವರಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ


ಮಾರ್ಚ್ ೧೯

ಗುಬ್ಬಿ,

"ಮಾನ್ಯ" ಎಂದು ಬರೆದಿದ್ದೀಯ. ಪುರಸಭೆಯವರು ಕೂಡ ನನಗೆ ಹಾಗೆ ಬರೆಯುವುದಿಲ್ಲ. ಕಾಗದವನ್ನು ಕತ್ತರಿ ಡಬ್ಬಿಯ ಕೆಳಗಿಟ್ಟು ಮೂರು ದಿನ ಮುಖ ಊದಿಸಿಕೊಂಡಿದ್ದೆ. ಮುಖ ಊದಿಸಿಕೊಂಡರೆ ನೋಡುವವರು ಬೇಕಲ್ಲ, ಅದಕ್ಕೆ ಬಿಟ್ಟೆ.

ಇಲ್ಲಿ ಜಗಳ ಜೋರಾಗಿದೆ. ಹೋದ ಸೋಮವಾರ ಬೆಳಗ್ಗೆ ನೋಡಿದರೆ ಗೇಟಿನ ಮೇಲಿನ ಸಾಹುಕಾರರ ಹೆಸರಿಗೆ ಯಾರೋ ಡಾಂಬರು ಬಳಿದಿದ್ದರು. ಫೋರ್‌ಮನ್ ತಾವೇ ಏಣಿ ತಂದು ಸೀಮೆಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದರು. ಕೆಮ್ಮು ಬಂದಾಗಲೆಲ್ಲ ಏಣಿಯೂ ಅಲ್ಲಾಡುತ್ತಿತ್ತು. ಕೆಳಗೆ ಮಕ್ಕಳು ಸಾಲಾಗಿ ನಿಂತು ನೋಡುತ್ತಿದ್ದವು. ನಾನು ಹೋಗಿ ಏಣಿ ಹಿಡಿದುಕೊಂಡೆ. ಅವರು ಇಳಿದ ಮೇಲೆ ನನ್ನನ್ನು ನೋಡಿ, ನಿನ್ನ ಹೆಂಡತಿಯ ಮೇಲೆ ನನಗೆ ಯಾವ ಕೋಪವೂ ಇಲ್ಲ ಎಂದರು. ಗೊತ್ತು ಎಂದೆ. ಅದನ್ನು ಕಂಡ ಔಷಧಿ ಅಂಗಡಿಯವನು, ನೀವು ಯಾರ ಕಡೆ ಎಂದು ಅಂಗಡಿಯ ಹತ್ತಿರ ಬಂದು ಕೇಳಿದ. ಏಣಿಯ ಕಡೆ ಎಂದೆ. ಅವನಿಗೆ ನಗು ಬರಲಿಲ್ಲ.

ಎಲ್ಲರೂ ಅಂಗಡಿಗೆ ಬರುತ್ತಾರೆ, ಆದರೆ ನನ್ನ ಮುಂದೆ ಯಾರೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಬಾಗಿಲ ಹೊರಗೆ ಕೂಗಾಡುತ್ತಿದ್ದವರು ಒಳಗೆ ಕಾಲಿಟ್ಟ ಕೂಡಲೇ ತೋಳಿನ ಉದ್ದ, ಗುಂಡಿಯ ಬಣ್ಣ ಎಂದು ಶುರುಮಾಡುತ್ತಾರೆ. ನಾನು ಒಬ್ಬ ಮನುಷ್ಯ ಎನ್ನುವುದು ಹೋಗಿ ಒಂದು ಫೋಟೋ ಆಗಿಬಿಟ್ಟಿದ್ದೇನೆ. ಫೋಟೋದ ಮುಂದೆ ಯಾರು ಜಗಳವಾಡುತ್ತಾರೆ?

ಶಾಲೆಯ ಸಮವಸ್ತ್ರ ಹೊಲಿಯುವವನು ನಾನೇ ತಾನೆ. ಜೇಬಿನ ಮೇಲೆ ಶಾಲೆಯ ಹೆಸರಿನ ಬಿಲ್ಲೆ ಹಾಕುವವನೂ ನಾನೇ. ಹೊಸ ಬಿಲ್ಲೆಯ ಮಾದರಿ ಒಂದನ್ನು ಹೊಲಿದು ಕೊಡು, ಸಭೆಯಲ್ಲಿ ತೋರಿಸಬೇಕು ಎಂದು ಔಷಧಿ ಅಂಗಡಿಯವನು ನೀಲಿ ಬಟ್ಟೆ, ಬಿಳಿ ನೂಲು ಕೊಟ್ಟು ಹೋದ. ಕೂತೆ. ಮೊದಲ ಅಕ್ಷರ ಆಯಿತು. ಎರಡನೆಯದಕ್ಕೆ ಸೂಜಿಗೆ ನೂಲು ಪೋಣಿಸಲು ಆಗಲಿಲ್ಲ, ಕಣ್ಣಿನ ದೋಷ ಎಂದುಕೊಂಡು ಬೆಳಕಿಗೆ ಹೋಗಿ ನಿಂತೆ. ಅಲ್ಲೂ ಆಗಲಿಲ್ಲ. ಮುನ್ನೂರು ಮಕ್ಕಳು, ತಲಾ ಎರಡು ಅಂಗಿ. ಪ್ರತಿ ವರ್ಷ. ಎಣಿಸಿಕೊಂಡು ಹಾಗೇ ಕೂತಿದ್ದೆ. ಅತ್ತೆ ಬಂದು, ನನ್ನ ಕೈಯಿಂದ ಸೂಜಿ ತೆಗೆದುಕೊಂಡು, ಒಂದೇ ಸಲಕ್ಕೆ ಪೋಣಿಸಿಕೊಟ್ಟು ಹೋದರು.

ಗುಬ್ಬಿ, ನಿನಗೊಂದು ಸುಳ್ಳು ಹೇಳಿದ್ದೇನೆ. ಪುರಸಭೆಗೆ ಕಾಗದ ಬೇಕು ಎನ್ನುವುದು ನಿಜ. ಆದರೆ ನಾನು ಬರೆದದ್ದು ಅದಕ್ಕಲ್ಲ.

ಆ ದಿನಕ್ಕೆ ಮೊದಲು ಮೂರು ದಿನ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಯಾತಕ್ಕೆ ಎನ್ನುವುದೂ ಈಗ ಸರಿಯಾಗಿ ನೆನಪಿಲ್ಲ, ಅಷ್ಟು ಸಣ್ಣ ವಿಷಯ. ಬೆಳಗ್ಗೆ ಅವಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಸ್ವಲ್ಪ ಹೊತ್ತು ನಿಂತಳು. ನಾನು ತಲೆ ಎತ್ತಲಿಲ್ಲ. ಮಿಷನ್ ತುಳಿಯುತ್ತಲೇ ಇದ್ದೆ. ಸಂಜೆ ನೋಡಿಕೊಳ್ಳೋಣ ಎಂದುಕೊಂಡೆ. ಇದನ್ನು ಯಾರಿಗೂ ಹೇಳಿಲ್ಲ. ಊರಿಗೆ ಊರೇ ಬಂದು ನನ್ನ ಕೈ ಹಿಡಿದು ಎಂಥ ದಂಪತಿ, ಎಂಥ ದಂಪತಿ ಎನ್ನುತ್ತಿದ್ದಾಗ ಹೇಗೆ ಹೇಳಲಿ?

ಮಧ್ಯಾಹ್ನ ಊಟಕ್ಕೆ ನೀವಿಬ್ಬರೂ ಒಟ್ಟಿಗೆ ಕೂರುತ್ತಿದ್ದಿರಿ. ಅವತ್ತು ಅವಳು ನನ್ನ ಬಗ್ಗೆ ಏನಾದರೂ ಹೇಳಿದಳಾ? ಬೈದಿದ್ದರೂ ಸರಿ. ಅಷ್ಟು ಬರೆ ಸಾಕು.

ನಿನ್ನ ಭಾವ


ಏಪ್ರಿಲ್ ೬

ಭಾವ,

ಹದಿನೈದು ದಿನದಿಂದ ಈ ಪತ್ರ ಬರೆಯುತ್ತಿದ್ದೇನೆ. ಮೊದಲು ಬರೆದದ್ದರಲ್ಲಿ, ಅಕ್ಕ ನಗುತ್ತಾ "ಇವತ್ತು ಸಂಜೆ ನಾನೇ ಮಾತಾಡಿಸ್ತೀನಿ, ಪಾಪ" ಎಂದಳು ಎಂದು ಬರೆದಿದ್ದೆ. ಚೆನ್ನಾಗಿ ಬಂದಿತ್ತು. ನೀವು ನಂಬುತ್ತಿದ್ದಿರಿ. ಹರಿದು ಹಾಕಿದೆ.

ಅಕ್ಕ ನಿಮ್ಮ ಬಗ್ಗೆ ಏನೂ ಹೇಳಲಿಲ್ಲ. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಸೀಮೆಸುಣ್ಣ ಒದ್ದೆಯಾಗಿ ಬಂದಿದೆ, ಬರೆದರೆ ಮೂಡುವುದೇ ಇಲ್ಲ ಎಂದು ಗೊಣಗಿದಳು. ಬುತ್ತಿಯ ಮುಚ್ಚಳ ಬಿಗಿಯಾಗಿತ್ತು, ನನ್ನ ಕೈಗೆ ಕೊಟ್ಟಳು, ನಾನು ತೆಗೆದುಕೊಟ್ಟೆ. ಅಷ್ಟೇ. ಮೂರು ದಿನದಿಂದ ನಿಮ್ಮಿಬ್ಬರ ಮಾತಿಲ್ಲ ಎನ್ನುವುದು ನನಗೆ ತಿಳಿದದ್ದೇ ನಿಮ್ಮ ಕಾಗದದಿಂದ.

ಇಷ್ಟು ನಿಜ ಹೇಳಿದ ಮೇಲೆ ಉಳಿದದ್ದನ್ನು ಬಚ್ಚಿಡಲು ಆಗುವುದಿಲ್ಲ. ಕೂತುಕೊಂಡು ಓದಿ.

ಊಟ ಮುಗಿದು ಅರ್ಧ ಗಂಟೆಗೆ ಹಿಂದಿನ ಉಗ್ರಾಣದಲ್ಲಿ ಬಣ್ಣದ ಡಬ್ಬಿಗಳಿಗೆ ಬೆಂಕಿ ಹತ್ತಿತು. ಉರಿಗಿಂತ ಹೊಗೆ ಹೆಚ್ಚು. ನಾವು ಮಕ್ಕಳನ್ನು ಸಾಲು ಮಾಡಿ ಅಂಗಳಕ್ಕೆ ತಂದೆವು. ಅಕ್ಕನ ತರಗತಿ ಮೊದಲೇ ಬಂದಿತ್ತು. ನನ್ನದು ಮೂರನೇ ತರಗತಿ, ಆ ದಿನ ಹಾಜರಿ ಇಪ್ಪತ್ತೆಂಟು. ಎಣಿಸಿದೆ, ಇಪ್ಪತ್ತೇಳು ಬಂತು. ಮತ್ತೆ ಎಣಿಸಿದೆ, ಇಪ್ಪತ್ತೇಳೇ. ಒಂದು ಕಮ್ಮಿ ಎಂದು ಕೂಗಿದೆ. ಅಕ್ಕ ಓಡಿ ಬಂದು ಯಾರು ಎಂದಳು. ಮುಖಗಳನ್ನೆಲ್ಲ ನೋಡಿದೆ. ಎರಡು ಜಡೆಯವಳು ಕಾಣಲಿಲ್ಲ. ನಿಮಗೆ ಗೊತ್ತಿರಬಹುದು, ಯಾವಾಗಲೂ ಒಂದು ಜಡೆ ಬಿಚ್ಚಿಕೊಂಡು ಓಡಾಡುತ್ತಿದ್ದ ಹುಡುಗಿ. ಹೇಳಿದೆ.

"ನೀನು ಇಲ್ಲೇ ಇರು. ಇನ್ನೊಂದ್ಸಲ ಎಣಿಸು" ಎಂದಳು. ಒಳಗೆ ಹೋದಳು.

ನಾನು ಎಣಿಸಿದೆ. ಇಪ್ಪತ್ತೇಳು. ಮಹಡಿಯ ಮೆಟ್ಟಿಲು ಆಮೇಲೆ ಕುಸಿಯಿತು. ಅದು ನಿಮಗೆ ಗೊತ್ತು.

ಆವತ್ತು ಸಾಯಂಕಾಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಕರವಸ್ತ್ರ ತೆಗೆಯಲು ಕುರ್ತಾದ ಜೇಬಿಗೆ ಕೈ ಹಾಕಿದೆ. ಒಂದು ಚೀಟಿ ಸಿಕ್ಕಿತು. ಎರಡು ಜಡೆಯವಳಿಗೆ ಕಿವಿನೋವು, ಚಿಕ್ಕಮ್ಮನ ಜೊತೆ ಅರ್ಧ ದಿನಕ್ಕೇ ಮನೆಗೆ ಕಳಿಸಲಾಗಿದೆ ಎಂದು ಅದರಲ್ಲಿತ್ತು. ಬರೆದವಳು ನಾನೇ. ಸಹಿಯೂ ನನ್ನದೇ. ಊಟದ ಗಂಟೆ ಹೊಡೆಯಿತು, ಆಮೇಲೆ ಹಾಜರಿ ಪುಸ್ತಕದಲ್ಲಿ ತಿದ್ದೋಣ ಎಂದು ಜೇಬಿಗೆ ಹಾಕಿಕೊಂಡಿದ್ದೆ, ಮರೆತೆ.

ಒಳಗೆ ಯಾವ ಮಗುವೂ ಇರಲಿಲ್ಲ ಭಾವ. ಅಕ್ಕ ನಾಲ್ಕು ಮಕ್ಕಳನ್ನೂ ತರಲಿಲ್ಲ, ಹತ್ತೊಂಬತ್ತನ್ನೂ ತರಲಿಲ್ಲ. ಇಲ್ಲದ ಮಗುವನ್ನು ಹುಡುಕಿಕೊಂಡು ಹೋದಳು. ನಾನು ಹೇಳಿದ್ದಕ್ಕೆ ಹೋದಳು.

ಯಾರೂ ನನ್ನನ್ನು ಕೇಳಲಿಲ್ಲ. ಎಲ್ಲರೂ ನನ್ನನ್ನು ಸಮಾಧಾನ ಮಾಡಿದರು. ನೀವೂ ಮಾಡಿದಿರಿ. ನಿಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟಿರಿ. ಆ ನೀರು ಕುಡಿದ ಮೇಲೆ ಆ ಊರಿನಲ್ಲಿ ಇರಲು ನನ್ನಿಂದಾಗಲಿಲ್ಲ.

ಈ ಪತ್ರವನ್ನು ಪುರಸಭೆಗೆ ಕೊಡಬಹುದು. ನನ್ನ ಸಹಿ ಇದೆ.

ಗುಬ್ಬಿ


ಮೇ ೨

ಭಾವ,

ನಿಮ್ಮ ಉತ್ತರ ಬಂದಿಲ್ಲ. ಬರಬೇಕೆಂದು ನಾನೂ ನಿರೀಕ್ಷಿಸಿಲ್ಲ. ಆದರೂ ಕೆಲಸದಿಂದ ಬಂದವಳು ಬೀಗ ತೆಗೆಯುವ ಮೊದಲು ಬಾಗಿಲ ಕೆಳಗಿನ ಸಂದಿಯನ್ನು ನೋಡುತ್ತೇನೆ. ಅಲ್ಲಿ ಆಚೆ ಮನೆಯವರ ಬೆಕ್ಕಿನ ಕೂದಲು ಬಿಟ್ಟರೆ ಏನೂ ಇರುವುದಿಲ್ಲ.

ಬೈದು ಒಂದು ಸಾಲು ಬರೆದರೂ ಸಾಕು. ನೀವೂ ನನ್ನನ್ನು ಅದನ್ನೇ ಕೇಳಿದ್ದಿರಿ, ನಾನು ಕೊಡಲಿಲ್ಲ. ಹಾಗಾಗಿ ಕೇಳುವ ಹಕ್ಕಿಲ್ಲ.

ಗುಬ್ಬಿ


ಮೇ ೨೮

ಗುಬ್ಬಿ,

ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಬರೆಯಲು ಕೂತವನು ಎದ್ದು ಮಿಷನ್ನಿಗೆ ಹೋಗುತ್ತಿದ್ದೆ. ಎರಡು ಅಂಗಿಗಳ ತೋಳನ್ನು ತಿರುಗಮುರುಗ ಹೊಲಿದೆ. ಹನ್ನೊಂದು ವರ್ಷ ಅವಳು ಯಾವುದೋ ಮಗುವನ್ನು ಎದೆಗವಚಿಕೊಂಡಿರುವ ಹಾಗೆ ಊಹಿಸಿಕೊಂಡು ದಿನ ನೂಕಿದ್ದೆ. ಆ ಮಗುವನ್ನು ನೀನು ಕಿತ್ತುಕೊಂಡೆ. ಹೊಗೆಯಲ್ಲಿ ಅವಳು ಒಬ್ಬಳೇ ಹೆಸರು ಕೂಗುತ್ತಾ ಕೋಣೆಯಿಂದ ಕೋಣೆಗೆ ಹೋಗುವುದು ಮಾತ್ರ ಉಳಿಯಿತು. ಯಾರೂ ಓಗೊಡುತ್ತಿರಲಿಲ್ಲ. ಅದನ್ನೇ ನೋಡುತ್ತಾ ಒಂದು ತಿಂಗಳು ಕೂತಿದ್ದೆ.

ಆಮೇಲೆ ಎರಡು ಜಡೆಯವಳು ಅಂಗಡಿಗೆ ಬಂದಳು.

ಅವಳಿಗೀಗ ಹತ್ತೊಂಬತ್ತೋ ಇಪ್ಪತ್ತೋ. ಜಡೆಯೆಲ್ಲ ಕತ್ತರಿಸಿ ಕುತ್ತಿಗೆವರೆಗೆ ಬಿಟ್ಟಿದ್ದಾಳೆ. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ. ಹೊಸ ಯೂನಿಫಾರ್ಮ್ ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಬಂದಿದ್ದಳು. ಸ್ಟೂಲಿನ ಮೇಲೆ ನಿಲ್ಲಿಸಿ ಕೆಳಗೆ ಕೂತು ಅಂಚು ಮಡಚುತ್ತಿದ್ದೆ. ಬಾಯಲ್ಲಿ ನಾಲ್ಕೈದು ಗುಂಡುಪಿನ್ನು ಕಚ್ಚಿಕೊಂಡಿದ್ದೆ. ಸಭೆಯಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾತಾಡಲು ತನ್ನನ್ನು ಕೇಳಿದ್ದಾರೆ, ಆದರೆ ತನಗೆ ಸಂಕೋಚ ಎಂದಳು. ನಾನು ತಲೆ ಎತ್ತಿದೆ.

"ನಾನು ಅವತ್ತು ಅಲ್ಲಿರಲೇ ಇಲ್ಲ, ಅಂಕಲ್. ಕಿವಿನೋವು ಅಂತ ಮಧ್ಯಾಹ್ನವೇ ಮನೆಗೆ ಹೋಗಿದ್ದೆ. ಇದ್ದಿದ್ರೆ ಟೀಚರ್ ನನ್ನನ್ನೂ ಹುಡುಕ್ಕೊಂಡು ಬರ್ತಿದ್ರು, ಅಲ್ವಾ?"

ಬಾಯಲ್ಲಿ ಪಿನ್ನಿತ್ತು. ದೇವರು ದೊಡ್ಡವನು. ಹೌದು ಎಂದು ತಲೆಯಾಡಿಸಿದೆ. ಅವಳು ನಕ್ಕಳು. ಆ ಎಡಗಾಲಿನ ಅಂಚನ್ನು ನಾನು ಎರಡು ಸಲ ಬಿಚ್ಚಿ ಹೊಲಿದೆ, ಅಷ್ಟು ಸಣ್ಣ ಹೊಲಿಗೆ ಮದುವೆ ಬಟ್ಟೆಗೂ ಹಾಕಿಲ್ಲ. ಅವಳಿಗೆ ಏನೂ ತಿಳಿದಿಲ್ಲ ಗುಬ್ಬಿ. ನನ್ನಿಂದ ತಿಳಿಯುವುದೂ ಇಲ್ಲ.

ಅತ್ತೆಗೆ ಹೇಳದೆ ಇರಲಾಗಲಿಲ್ಲ. ಕಿವಿ ಕೇಳದವರಿಗೆ ಇಂಥದ್ದನ್ನು ಕೂಗಿ ಹೇಳುವುದು ಹೇಗೆ? ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಗುರುತು ಹಾಕುವ ಸುಣ್ಣದಿಂದ ಬರೆದೆ: ಒಳಗೆ ಮಗು ಇರಲಿಲ್ಲ. ಅವರು ಹತ್ತಿರ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಆಮೇಲೆ ಅಂಗೈಯಿಂದ ಒರೆಸಿ, ಸೆರಗಿನ ತುದಿಯಿಂದ ಇನ್ನೊಂದು ಸಲ ಒರೆಸಿ, "ಇದನ್ನ ಯಾರಿಗೂ ಹೇಳ್ಬೇಡ. ನನಗೆ ಆ ಹೆಸರು ಬೇಕು" ಎಂದರು.

ನಾನು ಅವರ ಮಾತು ನಡೆಸಿಕೊಡಲಿಲ್ಲ.

ಸಭೆಯ ದಿನ ಹಾಲು ತುಂಬಿತ್ತು, ಕಿಟಕಿಯ ಹೊರಗೂ ಜನ. ಔಷಧಿ ಅಂಗಡಿಯವನು ಕರಪತ್ರ ಓದಿದ. ಹತ್ತೊಂಬತ್ತು ಎನ್ನುವುದು ಬಂದಾಗ ನಾನು ಎದ್ದು ನಿಂತೆ. ಅವಳು ಬದುಕಿಡೀ ಲೆಕ್ಕದ ಪಾಠ ಮಾಡಿದವಳು, ಅವಳ ಹೆಸರಿನ ಕೆಳಗೆ ತಪ್ಪು ಲೆಕ್ಕ ಬರೆಯಲು ನಾನು ಬಿಡುವುದಿಲ್ಲ ಎಂದೆ. ಮಕ್ಕಳೆಲ್ಲ ಅಷ್ಟು ಹೊತ್ತಿಗೆ ಹೊರಗೆ ಬಂದಾಗಿತ್ತು, ಎಣಿಕೆಯಲ್ಲಿ ಒಂದು ತಪ್ಪಿತ್ತು, ಅವಳು ಒಳಗಿಲ್ಲದ ಮಗುವನ್ನು ಹುಡುಕಲು ಹೋದಳು ಎಂದು ಹೇಳಿದೆ. ಎಣಿಸಿದವರು ಯಾರು ಎಂದು ಮುಂದಿನ ಸಾಲಿನವರು ಕೇಳಿದರು. ಹೊಗೆಯಲ್ಲಿ ಎಲ್ಲರೂ ಎಣಿಸುತ್ತಿದ್ದರು ಎಂದೆ. ಎರಡು ಜಡೆಯವಳು ಆ ಹೊತ್ತಿಗೆ ಕೆಲಸದಲ್ಲಿದ್ದಳು, ಬಂದಿರಲಿಲ್ಲ. ನಾನು ಅದನ್ನು ಮೊದಲೇ ವಿಚಾರಿಸಿಕೊಂಡಿದ್ದೆ.

ಔಷಧಿ ಅಂಗಡಿಯವನ ಮುಖ ನೋಡಲಾಗಲಿಲ್ಲ, ಮನುಷ್ಯ ನಿಜವಾಗಿ ಅವಳ ಮೇಲಿನ ಗೌರವಕ್ಕೇ ಇಷ್ಟೆಲ್ಲ ಓಡಾಡಿದ್ದ. ಆಗ ಫೋರ್‌ಮನ್ ಎದ್ದರು. ಕೆಮ್ಮು ಮುಗಿಯುವವರೆಗೆ ಎಲ್ಲರೂ ಕಾದರು.

"ಒಳಗೆ ಮಗು ಇಲ್ಲ ಅಂತ ಆ ಹೆಣ್ಣುಮಗಳಿಗೆ ಗೊತ್ತಿತ್ತಾ?"

"ಇಲ್ಲ" ಎಂದೆ.

"ಹಾಗಾದ್ರೆ ನೀನು ಹೇಳಿದ್ದರಿಂದ ಆಕೆಯದೇನೂ ಕಮ್ಮಿ ಆಗಿಲ್ಲ" ಎಂದು ಹೇಳಿ ಕೂತರು. ಮೊದಲಿನಿಂದ ಅವಳ ಹೆಸರಿಗೆ ವಿರುದ್ಧ ನಿಂತಿದ್ದವರು ಅವರೊಬ್ಬರೇ.

ಕೊನೆಗೆ ಆದದ್ದು ಇಷ್ಟು. ಸಾಹುಕಾರರ ಹೆಸರು ಹೋಯಿತು. ಅವಳದು ಬರಲಿಲ್ಲ, ನಾನೇ ಬೇಡವೆಂದೆ. ಅವಳ ಹೆಸರಿಟ್ಟರೆ ಪ್ರತಿ ವರ್ಷ ಒಬ್ಬರು ವೇದಿಕೆಯ ಮೇಲೆ ನಿಂತು ಆ ದಿನದ ಕಥೆ ಹೇಳುತ್ತಾರೆ, ಒಂದಲ್ಲ ಒಂದು ವರ್ಷ ಅದು ಟಿಕೆಟ್ ಕೊಡುವ ಹುಡುಗಿಯ ಕಿವಿನೋವಿನವರೆಗೆ ಬಂದು ಮುಟ್ಟುತ್ತದೆ. ಆದರೆ ಆ ಕಾರಣ ಹೇಳುವಂತಿರಲಿಲ್ಲ. ಆ ಹೆಸರನ್ನು ಹೊಲಿಯಲು ನನಗೆ ಕೈ ಬರುವುದಿಲ್ಲ ಎಂದಷ್ಟೇ ಹೇಳಿದೆ. ಅದೂ ಸುಳ್ಳಲ್ಲ. ಶಾಲೆಗೆ ಸದ್ಯಕ್ಕೆ ಬೀದಿಯ ಹೆಸರೇ ಇಟ್ಟಿದ್ದಾರೆ. ಯಾರಿಗೂ ಸಂತೋಷವಾಗಿಲ್ಲ. ಔಷಧಿ ಅಂಗಡಿಯವನು ನಮ್ಮ ಅಂಗಡಿಯ ಮುಂದೆ ಹಾದುಹೋಗುವಾಗ ಗಡಿಯಾರ ನೋಡಿಕೊಳ್ಳುತ್ತಾನೆ.

ಅತ್ತೆ ಮರುದಿನವೇ ಕಿರಿಯ ಮಗಳ ಮನೆಗೆ ಹೊರಟರು. ಬಸ್ಸು ಹತ್ತಿಸಲು ಹೋದೆ. ಚೀಲ ಮೇಲಿಟ್ಟು ಇಳಿಯುವಾಗ ನನ್ನ ತೋಳು ಹಿಡಿದು, "ನೀನು ಒಳ್ಳೆಯವನೇ. ಆದರೆ ಇನ್ನು ಮೇಲೆ ನಿನ್ನ ಮುಖ ನೋಡ್ಕೊಂಡು ಊಟ ಮಾಡೋಕೆ ನನಗಾಗಲ್ಲ" ಎಂದರು. ಬಸ್ಸು ಶಾಲೆಯ ಮುಂದಿನಿಂದಲೇ ಹೋಗುತ್ತದೆ. ಅವರು ಗೇಟಿನ ಕಡೆಯ ಕಿಟಕಿ ಬಿಟ್ಟು ಈ ಕಡೆಯ ಸೀಟಿನಲ್ಲಿ ಕೂತಿದ್ದರು.

ಈಗ ಮನೆಯಲ್ಲಿ ನಾನೊಬ್ಬನೇ. ಅಡುಗೆ ಮನೆಯಲ್ಲಿ ಪಾತ್ರೆ ಬಿದ್ದರೆ ನಾನೇ ಬೀಳಿಸಿದ್ದು ಎಂದು ಗೊತ್ತಿರುತ್ತದೆ.

ನಿನ್ನ ತಪ್ಪಿಲ್ಲ ಎಂದು ಬರೆಯಬೇಕೆಂದು ನಾಲ್ಕು ಸಲ ಶುರುಮಾಡಿದೆ. ಬರೆಯಲಾಗುತ್ತಿಲ್ಲ. ಮುಂದೆ ಯಾವಾಗಲಾದರೂ ಆಗಬಹುದು, ಆಗದೆಯೂ ಇರಬಹುದು. ಆದರೆ ಇನ್ನೊಂದು ಮಾತು ಬರೆಯಬಲ್ಲೆ. ಅವಳು ಸೀಮೆಸುಣ್ಣದ ಬಗ್ಗೆ ಗೊಣಗಿದ್ದನ್ನು ನೀನು ಹೇಳಿದೆಯಲ್ಲ, ಇಷ್ಟು ವರ್ಷದಲ್ಲಿ ನನಗೆ ಅವಳಿಂದ ಬಂದ ಹೊಸ ಸುದ್ದಿ ಅದೊಂದೇ. ನೀನು ಸುಳ್ಳು ಹೇಳಿದ್ದರೆ ಅದೂ ಇರುತ್ತಿರಲಿಲ್ಲ.

ಒಂದು ಸಲ ಬಾ. ಇರಲು ಅಲ್ಲ. ಸುಮ್ಮನೆ ಬಂದು ಕೂತು ಹೋಗು.

ಭಾವ


ಜೂನ್ ೨೧

ಭಾವ,

ರಜೆ ಹಾಕಿದ್ದೆ. ಟಿಕೆಟ್ಟೂ ತೆಗೆದುಕೊಂಡಿದ್ದೆ. ಶನಿವಾರ ಹನ್ನೊಂದು ಗಂಟೆಯ ಬಸ್ಸು. ನಿಲ್ದಾಣದಲ್ಲಿ ಸಿಮೆಂಟಿನ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಬಸ್ಸು ಬಂತು, ಜನ ಹತ್ತಿದರು. ಕಂಡಕ್ಟರ್ ನನ್ನ ಕಡೆ ನೋಡಿ ಬರ್ತೀರಾ ಎಂದು ಕೇಳಿದ. ಬೇರೆ ಬಸ್ಸಿಗೆ ಕಾಯುತ್ತಿದ್ದೇನೆ ಎಂದೆ. ಅದು ತಿರುವಿನಲ್ಲಿ ಮರೆಯಾದ ಮೇಲೆ ಎದ್ದೆ. ಕೋಣೆಗೆ ಬಂದು ಚೀಲ ಬಿಚ್ಚಿ, ಬಟ್ಟೆ ಮತ್ತೆ ಗೂಟಕ್ಕೆ ಹಾಕಿದೆ.

ನಿಮ್ಮ ಊರಿಗೆ ಬಂದು ಆ ನಿಲ್ದಾಣದಲ್ಲಿ ಇಳಿದರೆ ಟಿಕೆಟ್ಟಿನ ಕಿಟಕಿಯಲ್ಲಿ ಎರಡು ಜಡೆಯವಳಿರುತ್ತಾಳೆ. ಅವಳು ಚೆನ್ನಾಗಿದ್ದಾಳೆ ಎಂದು ಓದಿ ಎಷ್ಟೋ ನಿರಾಳವಾಯಿತು. ಕಣ್ಣಾರೆ ನೋಡಲು ಮಾತ್ರ ಧೈರ್ಯವಿಲ್ಲ.

ಸಭೆಯಲ್ಲಿ ನನ್ನ ಹೆಸರು ಹೇಳಲಿಲ್ಲ ನೀವು. ಹೇಳಿದ್ದರೆ ಹಗುರವಾಗುತ್ತಿತ್ತೇನೋ, ಗೊತ್ತಿಲ್ಲ. ಇಲ್ಲಿ ನನ್ನ ಜೊತೆ ಕೆಲಸ ಮಾಡುವವಳು, ನೀನ್ಯಾಕೆ ಪ್ರತಿ ಕಟ್ಟನ್ನೂ ಮೂರು ಸಲ ಎಣಿಸ್ತೀಯ, ಬಟ್ಟೆ ಏನು ಎದ್ದು ಓಡಿಹೋಗ್ತವಾ ಎಂದು ನಗುತ್ತಾಳೆ. ನಿನ್ನೆ ಅವಳಿಗೆ ಹೇಳಿದೆ, ಪೂರ್ತಿ. ಇವತ್ತು ಬೆಳಗ್ಗೆ ಎಣಿಸುವಾಗ ಅವಳು ಪಕ್ಕದಲ್ಲಿ ನಿಂತು ನನ್ನ ಜೊತೆ ತಾನೂ ಎಣಿಸಿದಳು.

ಬರಲಾಗದಿದ್ದರೂ ನನ್ನ ಹತ್ತಿರ ಅಕ್ಕನ ಆರು ವರ್ಷದ ಮಧ್ಯಾಹ್ನಗಳಿವೆ. ಅವು ನಿಮಗೆ ಸೇರಬೇಕು. ಒಂದೊಂದು ಪತ್ರದಲ್ಲಿ ಒಂದೊಂದು ಕೇಳಿ. ನೆನಪಿದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ಇಲ್ಲ ಎನ್ನುತ್ತೇನೆ. ಕಟ್ಟಿ ಹೇಳುವುದಿಲ್ಲ.

ಗುಬ್ಬಿ


ಜುಲೈ ೩

ಗುಬ್ಬಿ,

ನಿನ್ನ ಬಸ್ಸಿಗಾಗಿ ಬಾಗಿಲಲ್ಲಿ ಕಾದಿದ್ದೆ ಎಂದು ಹೇಳುವುದಿಲ್ಲ. ಅಂಗಡಿ ಮುಚ್ಚಿರಲಿಲ್ಲ, ಅಷ್ಟೇ.

ಹದಿನಾಲ್ಕು ವರ್ಷದ ಸಂಸಾರ. ಶಾಲೆ ಎರಡೇ ಬೀದಿ ಆಚೆ. ಬಿಲ್ಲೆಗಳ ಗಂಟು ಕೊಡಲು ಗೇಟಿನವರೆಗೆ ಎಷ್ಟೋ ಸಲ ಹೋಗಿದ್ದೇನೆ. ಆದರೆ ಅವಳು ಪಾಠ ಮಾಡುವುದನ್ನು ಒಂದು ದಿನವೂ ನೋಡಲಿಲ್ಲ. ತರಗತಿಯಲ್ಲಿ ಹೇಗಿರುತ್ತಿದ್ದಳು?

ಭಾವ


ಜುಲೈ ೧೪

ಭಾವ,

ನಾನು ಸೇರಿದ ಎರಡನೇ ವರ್ಷ, ಒಂದು ಮಂಗಳವಾರ. ಗೋಡೆಯ ಆಚೆ ಅಕ್ಕನ ತರಗತಿ, ಈಚೆ ನನ್ನದು. ನನ್ನ ಮಕ್ಕಳು ಆಟಕ್ಕೆ ಹೋಗಿದ್ದವು, ನಾನು ಒಬ್ಬಳೇ ಪುಸ್ತಕ ತಿದ್ದುತ್ತಿದ್ದೆ. ಅಕ್ಕ ಬೋರ್ಡಿನ ಮೇಲೆ ಏಳೆಂಟಲ ಐವತ್ತನಾಲ್ಕು ಎಂದು ಬರೆದುಬಿಟ್ಟಿದ್ದಳು, ಇದನ್ನು ಆಮೇಲೆ ಅವಳೇ ಹೇಳಿದ್ದು. ಹಿಂದಿನ ಬೆಂಚಿನ ಒಂದು ಮಗು ಎದ್ದು, ಟೀಚರ್, ಐವತ್ತಾರು ಎಂದಿತು. ಆಮೇಲೆ ತಾನೇ ಹೆದರಿ ಅಳುವ ಹಾಗಾಯಿತಂತೆ.

ಅಕ್ಕ ಬೋರ್ಡನ್ನು ಆ ಕಡೆಯಿಂದ, ಈ ಕಡೆಯಿಂದ ನೋಡಿ, "ಹೌದಲ್ವೇ" ಎಂದಳು. ಆ ಮಗುವನ್ನು ಕರೆದು ಸೀಮೆಸುಣ್ಣ ಕೈಗೆ ಕೊಟ್ಟು, ತಾನು ಹೋಗಿ ಅದರ ಜಾಗದಲ್ಲಿ ಕೂತಳು. ಉಳಿದ ಲೆಕ್ಕಗಳನ್ನು ಮಗುವೇ ಬರೆಯಬೇಕು. ಮೊಣಕಾಲು ಬೆಂಚಿನ ಕೆಳಗೆ ಹಿಡಿಸದೆ ಓರೆಯಾಗಿ ಕೂತು, ಕೈ ಎತ್ತಿ, "ಮಿಸ್, ನಾನು ಹೇಳ್ಲಾ? ಮಿಸ್, ನಾನು?" ಎಂದು ಕಿರುಚುತ್ತಿದ್ದಳು. ಮಕ್ಕಳ ನಗುವಿಗೆ ಗೋಡೆ ಬೀಳುವುದೊಂದು ಬಾಕಿ. ಏನಾಯಿತೆಂದು ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತೆ.

ಅಕ್ಕ ನನ್ನನ್ನು ನೋಡಿದಳು. ಕೆನ್ನೆಯ ಮೇಲೆ ಸುಣ್ಣದ ಗೆರೆಯಿತ್ತು. ಮಾತಾಡಬೇಡ ಎಂದು ತುಟಿಯ ಮೇಲೆ ಬೆರಳಿಟ್ಟು, ಬೆಂಚಿನ ಮೇಲೆ ಒಂದಿಷ್ಟು ಒತ್ತಿಕೊಂಡು, ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ತಟ್ಟಿದಳು. ನಾನು ಹೋಗಿ ಕೂತೆ. ಗಂಟೆ ಹೊಡೆಯುವವರೆಗೂ ಇಬ್ಬರೂ ಕೈ ಎತ್ತುತ್ತಲೇ ಇದ್ದೆವು. ಆ ಮಗು ಒಂದು ಸಲವೂ ನಮ್ಮನ್ನು ಕೇಳಲಿಲ್ಲ.

ಗುಬ್ಬಿ